ಚಕ್ಕುಬಂದಿ

ಆರಿಕ್ಕಾಡಿ ಗ್ರಾಮ. ನಲವತ್ತೆರಡು ಸೆಂಟ್ಸು.
ಮೂಲಪತ್ರ ನನ್ನ ಅಪ್ಪನ ಕೈಬರಹ:
ನೀಲಿ ಶಾಯಿ, ಮಡಿಕೆ ಬಿದ್ದಲ್ಲಿ ಗೆದ್ದಲು.
ವಿಲೇಜ್ ಆಫೀಸಿಗೆ ಹೊಸತಾಗಿ ಬಂದ ಹುಡುಗಿಗೆ
ಕನ್ನಡ ಓದಲು ಬಾರದು. ಅವಳ ತಪ್ಪಲ್ಲ, ಕೊಲ್ಲದವಳು.
ಹಳೆಯ ಪತ್ರ ಬಂದಾಗ ಕುಂಬಳೆ ಪೇಟೆಯಿಂದ ನನ್ನನ್ನು ಕರೆಸುತ್ತಾರೆ.
ನಾನು ಓದುತ್ತೇನೆ, ಮಲೆಯಾಳದಲ್ಲಿ ಅವಳು ಬರೆದುಕೊಳ್ಳುತ್ತಾಳೆ.

ಪೂರ್ವಕ್ಕೆ ಪಳ್ಳಿಗೆ ಹೋಗುವ ಕಾಲುದಾರಿ.
ಪಶ್ಚಿಮಕ್ಕೆ ರೈಲಿನವರ ಗಡಿಕಲ್ಲು.
ಉತ್ತರಕ್ಕೆ ಐತಪ್ಪ ಬೆಳ್ಚಪ್ಪಾಡರ ಅಗಳು.
ದಕ್ಷಿಣಕ್ಕೆ ಬಾವಿ, ಬಾವಿಯ ಮಗ್ಗುಲಿಗೆ ಹಲಸು,
ಸದ್ರಿ ಬಾವಿಯೂ ಹಲಸೂ
…… ಮಕ್ಕಳ ಅನುಭವಕ್ಕೆ.
ಇಲ್ಲಿ ಎರಡಕ್ಷರ ಇಲ್ಲ.
"ಯಾವ ಮಕ್ಕಳ?" ಅಂದಳು.
ಕನ್ನಡಕ ತಂದಿಲ್ಲ, ನಾಳೆ ಹೇಳುತ್ತೇನೆ ಅಂದೆ.
ಕನ್ನಡಕ ಕಿಸೆಯಲ್ಲೇ ಇತ್ತು.

ಏಳು ವರ್ಷದಿಂದ ಈ ಜಾಗದ ತೀರ್ವೆ ಕಟ್ಟಿಸಿಕೊಂಡಿಲ್ಲ.
ಉಮ್ಮ ತೀರಿದ ಬೆಳಗ್ಗೆ
ಆರು ಮಕ್ಕಳಿಗೂ ಜಾಗ ತಾನಾಗಿ ಬಂತು,
ಯಾರೂ ಕೈಚಾಚದೆ, ಯಾರೂ ರುಜು ಹಾಕದೆ,
ಮನೆಮಂದಿಗೆಲ್ಲ ಜ್ವರ ಬರುವ ಹಾಗೆ.
ಐದು ಹೆಣ್ಣು, ಒಂದು ಗಂಡು.
ಏಳರಲ್ಲಿ ಎರಡು ಪಾಲು ಗಂಡಿಗೆ, ಹನ್ನೆರಡು ಸೆಂಟ್ಸು ಅಂದುಂಞಿಗೆ.
ಅಂದುಂಞಿ ಪಾಕಿಸ್ತಾನದವ.

ಹಾಗೆಂದು ಬರೆದಿದೆ.
ಹದಿನಾರಕ್ಕೆ ಬೊಂಬಾಯಿ, ಅಲ್ಲಿಂದ ಯಾರದೋ ಹಿಂದೆ ಹಡಗು ಹತ್ತಿ
ಕರಾಚಿಯ ಚಾದಂಗಡಿಯಲ್ಲಿ ಗ್ಲಾಸು ತೊಳೆದ.
"ದೂರ ಅಂತ ಗೊತ್ತಿತ್ತು," ಅನ್ನುತ್ತಾನೆ,
"ಪರದೇಶ ಅಂತ ಗೊತ್ತಿರಲಿಲ್ಲ."
ಉಮ್ಮನನ್ನು ನೋಡಲು ಹೊರಟಾಗ ಕೈಗೆ ಸಿಕ್ಕಿದ ಪಾಸ್‌ಪೋರ್ಟು ಹಸಿರು.
ಬಂದವ ಮತ್ತೆ ಹೋಗಲಿಲ್ಲ.
ಹೆಂಡತಿಗೆ ಓಟುಂಟು, ನಾಲ್ಕು ಮಕ್ಕಳಿಗೂ ಉಂಟು.
ಅವನಿಗೆ ವರ್ಷಕ್ಕೊಮ್ಮೆ ಪೊಲೀಸ್ ಸ್ಟೇಷನ್ನಿನ ಬೆಂಚು.

ಪರದೇಶಿ ಭೂಮಿ ಕೊಳ್ಳಬಾರದು.
ಸರಿ, ಕೊಂಡಿಲ್ಲ.
ಮಾರಬಾರದು. ಯಾರು ಮಾರುತ್ತಾರೆ?
ನನಗೆ ಬೇಡ ಎಂದು ಬರೆಯಿಸಲು ಬಂದ,
ಹಕ್ಕು ಬಿಡುಗಡೆ, ಹೆಚ್ಚೆಂದರೆ ಅರ್ಧ ಪುಟ.
ಅದಕ್ಕೂ ಮೇಲಿನಿಂದ ಒಪ್ಪಿಗೆ ಬರಬೇಕಂತೆ.
ಬಿಡಬೇಕಾದರೆ ಮೊದಲು ಇದೆ ಅನ್ನಬೇಕು,
ಇದೆ ಅಂದ ಗಳಿಗೆಗೆ ಅದು ಶತ್ರುವಿನ ಸೊತ್ತು.
ಕಾಗದ ಎಲ್ಲಿಗೆ ಕಳಿಸುವುದು ಅಂತ ಕೇಳಿದ.
ಬೊಂಬಾಯಿಗೆ, ಅಂದೆ.
ಅವನು ನಕ್ಕದ್ದು ನಾನು ಕಂಡದ್ದು ಅದೊಂದೇ ಸಲ.

ಅಳೆಯಲು ಬಂದ ದಿನ ಸರ್ವೆಯರನ ಆಳು ಬಂದಿರಲಿಲ್ಲ.
ಟೇಪಿನ ಆ ತುದಿ ಅಂದುಂಞಿಯೇ ಹಿಡಿದ.
ಬಿಗಿ ಅಂದರೆ ಬಿಗಿ, ಸಡಿಲ ಅಂದರೆ ಸಡಿಲ.
ಮುಳ್ಳಿನ ಪೊದೆಯಲ್ಲಿ ಲುಂಗಿ ಹರಿಯಿತು.
ಶತ್ರುವಿನ ಹನ್ನೆರಡು ಸೆಂಟ್ಸು ದಕ್ಷಿಣದ ತುದಿಗೆ ಬಂತು,
ಗೆರೆ ಬಾವಿಯ ನಡುವೆ ಹಾಯಿತು.
"ಎಷ್ಟು ಕೊಡ ಅವನದ್ದು, ಎಷ್ಟು ನಮ್ಮದು?"
ತಂಗಿ ನೆಬೀಸ ಅಂಗಳದಿಂದ ಕೂಗಿದಳು.
"ಹಗ್ಗ ನಾನು ದುಡ್ಡು ಕೊಟ್ಟು ತಂದದ್ದು,
ಅದನ್ನೂ ಬರೆದುಕೊಳ್ಳಿ ಸಾರೇ."

ಇವತ್ತು ಕನ್ನಡಕ ಹಾಕಿಕೊಂಡು ಕೂತಿದ್ದೇನೆ.
ಗೆದ್ದಲು ತಿಂದಲ್ಲಿ, ಕೆಳಗೆ, ಒಂದು ಒತ್ತಿನ ಬಾಲ ಉಳಿದಿದೆ.
ಲ ಇರಬಹುದು, ಎಲ್ಲ ಮಕ್ಕಳ.
ಣ ಇರಬಹುದು.
ಅಪ್ಪನ ಒತ್ತುಗಳು ಒಂದರ ಹಾಗೆ ಇನ್ನೊಂದು,
ಅದಕ್ಕಾಗಿ ನಾನು ಅವನ ಹತ್ತಿರ ಜಗಳವಾಡಿದ್ದೆ.
ಅಪ್ಪ ಒಂದಕ್ಷರ ಸುಳ್ಳು ಬರೆದವನಲ್ಲ.
ಹುಡುಗಿ ಪೆನ್ನು ಎತ್ತಿ ಹಿಡಿದಿದ್ದಾಳೆ.
ನೆಬೀಸ ನನ್ನನ್ನು ನೋಡುತ್ತಿಲ್ಲ, ಫ್ಯಾನು ನೋಡುತ್ತಿದ್ದಾಳೆ.

"ಹೆಣ್ಣು," ಎಂದು ಓದಿದೆ.
ಹೆಣ್ಣು ಮಕ್ಕಳ ಅನುಭವಕ್ಕೆ.

ಅಂದುಂಞಿ ಕನ್ನಡ ಶಾಲೆಯಲ್ಲಿ ಐದನೆಯವರೆಗೆ ಓದಿದವ.
ನನ್ನ ಹೆಗಲ ಮೇಲಿನಿಂದ ಪತ್ರವನ್ನು ಬಗ್ಗಿ ನೋಡಿದ,
ಬಹಳ ಹೊತ್ತು ನೋಡಿದ.
"ಹೌದು," ಅಂದ, "ಹಾಗೇ ಇದೆ."